ಮಳೆಯಲ್ಲಿ ಕಂಡ ಏಲಾಪುರ

ಪ್ರವಾಸಕ್ಕೆ ಹೊರಟ ದಿನವೇ ಮಳೆ ಹಿಡಿದುಕೊಂಡರೆ ದಿನ ಕೆಟ್ಟಿತೆಂದು ಮರುಗುವುದು ವಾಡಿಕೆ. ಕಳೆದ ಶ್ರಾವಣದಲ್ಲಿ ನಮ್ಮ ಸಂಘದ ನಾಲ್ವತ್ತು ಮಂದಿ ಮುಂಬಯಿಯಿಂದ ರಾತ್ರಿಯ ರೈಲಿನಲ್ಲಿ ಹೊರಟು, ಹಿಂದೆ ಔರಂಗಾಬಾದ್ ಎನಿಸಿಕೊಂಡು ೨೦೨೩ರಿಂದ ಛತ್ರಪತಿ ಸಂಭಾಜಿನಗರವೆಂಬ ಹೆಸರು ತಳೆದಿರುವ ಊರಿನಲ್ಲಿ ಬೆಳಗಿನ ಜಾವ ಇಳಿದಾಗ ನಮ್ಮ ಬಾಯಿಂದ ಹೊರಟ ಮಾತೂ ಅದೇ. ವರ್ಷಕ್ಕೆ ಎರಡು ಸಾವಿರ ಮಿಲ್ಲಿಮೀಟರಿಗೂ ಮೀರಿ ಮಳೆ ಕಾಣುವ ಮುಂಬಯಿಯವರು, ಸಹ್ಯಾದ್ರಿಯ ಮಳೆನೆರಳಿನಲ್ಲಿ ಏಳುನೂರು ಮಿಲ್ಲಿಮೀಟರಿನ ಆಸುಪಾಸಿನಲ್ಲಿ ತೃಪ್ತಿಪಡುವ ಈ ಸೀಮೆಗೆ ಬಂದು ಮಳೆಗೆ ಹೆದರುವುದು ನಗೆಗೀಡೆಂದು ಒಬ್ಬರು ಹಾಸ್ಯಮಾಡಿದರು. ಆದರೂ ಎಲ್ಲೋರದ ದಾರಿ ಹಿಡಿದ ಬಸ್ಸಿನಲ್ಲಿ ಹಿರಿಯರ ಮುಖಗಳು ಬಾಡಿದ್ದುವು. ವಸತಿಗೃಹದಲ್ಲಿಯೇ ಉಳಿದಿದ್ದರೆ ಲೇಸಾಗುತ್ತಿತ್ತೆಂಬ ಗೊಣಗೂ ಕೇಳಿಬಂದಿತು.

ಸಂಜೆ ಹಿಂದಿರುಗುವ ವೇಳೆಗೆ ಈ ಅಭಿಪ್ರಾಯ ತಲೆಕೆಳಗಾಗಿತ್ತು. ಬಂಡೆಯಲ್ಲಿ ಕೊರೆದ ಆಲಯಗಳನ್ನು ನೋಡುವುದಕ್ಕೆ ಬಿಸಿಲಿನ ದಿನ ಅನುಕೂಲವಾಗಿರಬಹುದು. ಅವನ್ನು ತಿಳಿದುಕೊಳ್ಳುವುದಕ್ಕೆ ಮಳೆಯ ದಿನಕ್ಕಿಂತ ಒಳ್ಳೆಯ ದಿನ ಬೇರೆ ಇಲ್ಲವೆಂಬುದು ಈಗ ನನ್ನ ನಂಬಿಕೆ. ಆ ಬೆಟ್ಟವನ್ನು ಏತಕ್ಕಾಗಿ ಆರಿಸಿಕೊಂಡರು, ಅದನ್ನು ಹೇಗೆ ಕಡಿದರು, ಕಡಿದುದು ಇಂದು ಯಾವುದರಿಂದ ಸವೆಯುತ್ತಿದೆ ಎಂಬ ಮೂರು ಪ್ರಶ್ನೆಗಳಿಗೂ ನೀರೇ ಕಣ್ಣೆದುರಿಗೆ ಉತ್ತರ ಹೇಳುತ್ತದೆ. ನಾಲ್ಕನೆಯ ಪ್ರಶ್ನೆಯೊಂದಿದೆ, ಅದು ಹೊರನಾಡಿನ ಕನ್ನಡಿಗರಾದ ನಮ್ಮನ್ನು ವಿಶೇಷವಾಗಿ ಕಾಡುವಂಥದು. ಅದನ್ನು ಬಸ್ಸಿನಲ್ಲಿ ಎತ್ತಿದವಳು ಮುಂಬಯಿಯಲ್ಲಿಯೇ ಹುಟ್ಟಿ ಬೆಳೆದ ಒಬ್ಬ ಕಾಲೇಜು ವಿದ್ಯಾರ್ಥಿನಿ. "ಕಾಕಾ, ಎಲ್ಲೋರ ನಮ್ಮದು, ನಮ್ಮದು ಅಂತ ಎಲ್ಲರೂ ಹೇಳ್ತೀರಿ. ಹಾಗಂತ ಅಲ್ಲಿ ಎಲ್ಲಿ ಬರೆದಿದೆ?" ಎಂದು ಅವಳು ಕೇಳಿದಾಗ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಈ ಲೇಖನದ ಹುಟ್ಟು ಆ ಪ್ರಶ್ನೆಯಲ್ಲಿದೆ.

ಬೆಟ್ಟ ಮತ್ತು ಹೊಳೆ

ಊರಿನಿಂದ ವಾಯವ್ಯಕ್ಕೆ ಸುಮಾರು ಮೂವತ್ತು ಕಿಲೋಮೀಟರು ದೂರದಲ್ಲಿ, ಮರಾಠಿಯಲ್ಲಿ ವೇರೂಳವೆಂದೂ ಪ್ರಾಚೀನ ಶಾಸನದಲ್ಲಿ ಏಲಾಪುರವೆಂದೂ ಹೆಸರಾದ ಗ್ರಾಮದ ಬಳಿ, ಉತ್ತರ ದಕ್ಷಿಣವಾಗಿ ಚಾಚಿದ ಒಂದು ಗುಡ್ಡದ ಸಾಲಿದೆ. ಅದರ ಪಶ್ಚಿಮದ ಮೈಯಲ್ಲಿ, ಸುಮಾರು ಎರಡು ಕಿಲೋಮೀಟರು ಉದ್ದಕ್ಕೆ, ಎಣಿಕೆ ಕೊಟ್ಟಿರುವ ಗುಹೆಗಳು ಮೂವತ್ತನಾಲ್ಕು. ದಕ್ಷಿಣದ ತುದಿಯಿಂದ ಎಣಿಸಿದರೆ ೧ರಿಂದ ೧೨ರವರೆಗಿನವು ಬೌದ್ಧರವು, ೧೩ರಿಂದ ೨೯ರವರೆಗಿನವು ವೈದಿಕ ದೇವತೆಗಳವು, ೩೦ರಿಂದ ೩೪ರವರೆಗಿನವು ಜೈನರವು. ಈ ಸಂಖ್ಯೆಗಳು ಸ್ಥಳದ ಕ್ರಮವನ್ನು ಸೂಚಿಸುತ್ತವೆಯೇ ಹೊರತು ಕಾಲದ ಕ್ರಮವನ್ನಲ್ಲ. ೨೧ನೆಯ ಮತ್ತು ೨೯ನೆಯ ಶೈವಗುಹೆಗಳು ಆರನೆಯ ಶತಮಾನಕ್ಕೆ ಸೇರಿದವೆಂದೂ ಬೌದ್ಧ ಗುಹೆಗಳಿಗಿಂತ ಮೊದಲಿನವೆಂದೂ ವಿದ್ವಾಂಸರಲ್ಲಿ ಹಲವರು ಇಂದು ಎಣಿಸುತ್ತಾರೆ. ಈ ಸಂಕೀರ್ಣವು ೧೯೮೩ರಲ್ಲಿ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿತು.

ಮಳೆಯ ಕಾರಣದಿಂದಲೇ ನಾವು ರೂಢಿಯ ದಾರಿಯನ್ನು ಬಿಟ್ಟು ಉತ್ತರದ ಕಡೆಯಿಂದ, ೨೯ನೆಯ ಗುಹೆಯಿಂದ, ಆರಂಭಿಸಿದೆವು. ಇದನ್ನು ಧುಮಾರ ಲೇಣಿ ಎನ್ನುತ್ತಾರೆ. ಬೇಸಗೆಯಲ್ಲಿ ಬಂದವರಿಗೆ ಇಲ್ಲಿ ಒಣಕಲು ಕೊರಕಲೊಂದು ಕಂಡೀತು. ಅಂದು ಏಲಗಂಗೆ ತುಂಬಿ ಬಂದು, ಗುಡ್ಡದ ಅಂಚಿನಿಂದ ಧುಮುಕಿ, ಕೆಳಗಿನ ಮಡುವಿನಲ್ಲಿ ಕೆಂಪಾಗಿ ಸುಳಿಯುತ್ತಿದ್ದಳು. ಆ ಮಡುವಿಗೆ ಜನ ಸೀತೆಯ ನಹಾಣಿ, ಎಂದರೆ ಸೀತೆಯ ಸ್ನಾನದ ಸ್ಥಳ, ಎಂದು ಹೆಸರಿಟ್ಟಿದ್ದಾರೆ. ಗುಹೆಯ ಒಳಗೆ ನಿಂತು ಮಾತನಾಡಿದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದು. ಅಬ್ಬಿಯ ಮೊರೆತವೇ ಮಂಟಪವನ್ನೆಲ್ಲ ತುಂಬಿತ್ತು. ಘಾರಾಪುರಿಯ ಗುಹೆಯನ್ನು ಬಲ್ಲ ಮುಂಬಯಿಯವರಿಗೆ ಈ ಮಂಟಪದ ವಿನ್ಯಾಸ ಹೊಸದೆನಿಸುವುದಿಲ್ಲ. ಮೂರು ಕಡೆ ತೆರೆದ ಬಾಯಿ, ಒಳಗೆ ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಲಿಂಗದ ಗುಡಿ, ಗೋಡೆಗಳ ಮೇಲೆ ಭಾರಿಯ ಶಿವಮೂರ್ತಿಗಳು: ಎರಡೂ ಒಂದೇ ಮನೋಧರ್ಮದ ಕೃತಿಗಳು. ಅಲ್ಲಿ ಸುತ್ತಲೂ ಕಡಲಿನ ನೀರು, ಇಲ್ಲಿ ಮಗ್ಗುಲಲ್ಲಿ ಹೊಳೆಯ ನೀರು.

ಸ್ಥಳದ ಆಯ್ಕೆಗೆ ಕಾರಣ ಒಂದೇ ಇರಲಾರದು. ಪ್ರತಿಷ್ಠಾನ ಎಂಬ ಇಂದಿನ ಪೈಠಣದಿಂದ ಉತ್ತರಾಪಥಕ್ಕೆ ಹೋಗುವ ವ್ಯಾಪಾರದ ಹಾದಿ ಈ ಪ್ರದೇಶದ ಮೇಲೆ ಹಾಯುತ್ತಿತ್ತು. ದಾನ ಕೊಡುವ ಕೈಗಳು ಹತ್ತಿರದಲ್ಲಿದ್ದುವು. ಉಳಿಯ ಕೆಲಸಕ್ಕೆ ಒಗ್ಗುವ ಕಲ್ಲು ಗುಡ್ಡದಲ್ಲಿತ್ತು. ಆದರೆ ಮನುಷ್ಯನು ನೆಲೆ ನಿಲ್ಲಬೇಕಾದರೆ ನೀರು ಬೇಕು, ಪವಿತ್ರವೆನಿಸಬೇಕಾದರೂ ನೀರು ಬೇಕು. ೨೧ನೆಯ ಗುಹೆಯಾದ ರಾಮೇಶ್ವರದ ಹೊರಜಗಲಿಯ ತುದಿಯಲ್ಲಿ ಮಕರದ ಮೇಲೆ ನಿಂತ ಗಂಗೆಯ ವಿಗ್ರಹವಿದೆ. ಎಲ್ಲೋರದ ಅತ್ಯಂತ ಚೆಲುವಾದ ಸ್ತ್ರೀಮೂರ್ತಿಗಳಲ್ಲಿ ಅದೊಂದು. ಏಲಗಂಗೆಯ ಮೊರೆತವನ್ನು ಕೇಳಿ ಬಂದ ಕಿವಿಯಿಂದ ಆ ಗಂಗೆಯನ್ನು ನೋಡಿದಾಗ, ಶಿಲ್ಪಿಯು ಪುರಾಣದ ನದಿಯೊಂದನ್ನೇ ಅಲ್ಲ, ತನ್ನ ಮಗ್ಗುಲ ಹೊಳೆಯನ್ನೂ ನೆನೆದಿದ್ದನೇನೋ ಎನಿಸಿತು.

ಇಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ಬೌದ್ಧ ಭಿಕ್ಷುಗಳು ವರ್ಷದ ಬಹುಭಾಗ ಸಂಚಾರದಲ್ಲಿರುವವರು. ಮಳೆಗಾಲದ ತಿಂಗಳುಗಳಲ್ಲಿ ಮಾತ್ರ ಒಂದೆಡೆ ನಿಲ್ಲಬೇಕೆಂಬುದು ಸಂಘದ ನಿಯಮ; ಅದೇ ವರ್ಷಾವಾಸ. ಜೈನ ಮುನಿಗಳಿಗೂ ವೈದಿಕ ಸಂನ್ಯಾಸಿಗಳಿಗೂ ಚಾತುರ್ಮಾಸ್ಯವುಂಟು. ದಕ್ಷಿಣದ ತುದಿಯ ಹನ್ನೆರಡು ಗುಹೆಗಳಲ್ಲಿ ಹತ್ತನೆಯದೊಂದು ಚೈತ್ಯ. ಉಳಿದವು ವಿಹಾರಗಳು, ಎಂದರೆ ವಾಸಕ್ಕೂ ಧ್ಯಾನಕ್ಕೂ ಮೀಸಲಾದ ಕೋಣೆಗಳಿಂದ ಕೂಡಿದ ಮನೆಗಳು. ಮಳೆಗೆ ಹೆದರಿ ಗುಹೆಯ ಬಾಗಿಲಲ್ಲಿ ಗುಂಪುಗೂಡಿ ನಿಂತಿದ್ದ ನಾವು ಅಕಾಲದಲ್ಲಿ ಬಂದವರಾಗಿರಲಿಲ್ಲ. ಆ ಕೋಣೆಗಳು ಜನರಿಂದ ತುಂಬುತ್ತಿದ್ದ ಕಾಲಕ್ಕೆ ಸರಿಯಾಗಿಯೇ ಬಂದಿದ್ದೆವು.

ಕಟ್ಟಿದ್ದಲ್ಲ, ಕಡಿದದ್ದು

ಅಜಂತೆಯ ಗುಹೆಗಳು ನೇರವಾಗಿ ನಿಂತ ಬಂಡೆಯ ಗೋಡೆಯಲ್ಲಿವೆ. ಅಲ್ಲಿ ಹೊಸ್ತಿಲು ದಾಟಿದರೆ ಗುಹೆ, ಈಚೆಗೆ ಬಂದರೆ ಕೊರಕಲು. ಎಲ್ಲೋರದ ಗುಡ್ಡ ಹಾಗಲ್ಲ. ಅದರ ಮೈ ಇಳಿಜಾರಾಗಿದೆ. ಇಳಿಜಾರಿನಲ್ಲಿ ನೆಟ್ಟಗಿನ ಮುಖವೊಂದನ್ನು ಪಡೆಯಬೇಕಾದರೆ ಮೊದಲು ಮುಂದಿನ ಬಂಡೆಯನ್ನು ಕಡಿದು ತೆಗೆಯಬೇಕು. ಹಾಗೆ ತೆಗೆದ ಜಾಗವೇ ಅಂಗಳವಾಯಿತು. ಆದುದರಿಂದ ಇಲ್ಲಿಯ ಅನೇಕ ಗುಹೆಗಳಿಗೆ ಆಕಾಶಕ್ಕೆ ತೆರೆದ ಅಂಗಳಗಳುಂಟು. ಅಂಗಳದ ನಡುವೆ ಒಂದು ಮಂಟಪವನ್ನೋ ಕಂಬವನ್ನೋ ಉಳಿಸಿಕೊಳ್ಳುವ ಅವಕಾಶವೂ ಒದಗಿತು. ಜೈನರ ೩೨ನೆಯ ಗುಹೆಯಾದ ಇಂದ್ರಸಭೆಯ ಅಂಗಳದಲ್ಲಿ ಒಂದೇ ಬಂಡೆಯಿಂದ ಬಿಡಿಸಿದ ಪುಟ್ಟ ಗುಡಿಯೂ ಆನೆಯೂ ನಿಂತಿವೆ. ಈ ಸಾಧ್ಯತೆಯನ್ನು ಅದರ ತುತ್ತತುದಿಗೆ ಒಯ್ದುದೇ ೧೬ನೆಯ ಗುಹೆ, ಎಂದರೆ ಕೈಲಾಸ. ಗುಹೆ ಎಂಬ ಮಾತೇ ಅದಕ್ಕೆ ಸಲ್ಲದು. ಅದು ಒಳಗು ಹೊರಗು ಎರಡೂ ಉಳ್ಳ ಪೂರ್ಣ ದೇವಾಲಯ.

ಕೈಲಾಸದ ಅಂಗಳ ಸುಮಾರು ೨೭೬ ಅಡಿ ಉದ್ದ, ೧೫೪ ಅಡಿ ಅಗಲ. ಹಿಂಬದಿಯಲ್ಲಿ ಕಡಿದ ಬಂಡೆಯ ಗೋಡೆ ೧೦೭ ಅಡಿ ಎತ್ತರ. ಇಳಿಜಾರಿನ ಮೇಲಿನಿಂದ ಮೂರು ಕಡೆ ಆಳವಾದ ಕಂದಕಗಳನ್ನು ತೋಡಿ, ನಡುವೆ ದ್ವೀಪದಂತೆ ಒಂದು ಬಂಡೆಯನ್ನು ಉಳಿಸಿಕೊಂಡು, ಆ ಬಂಡೆಯಲ್ಲಿ ಶಿಖರದಿಂದ ಮೊದಲುಗೊಂಡು ಅಧಿಷ್ಠಾನದವರೆಗೆ ಇಳಿಯುತ್ತ ಬಂದರು. ಹೀಗೆ ಹೊರತೆಗೆದ ಕಲ್ಲು ಎರಡು ಲಕ್ಷ ಟನ್ನುಗಳೆಂದು ಒಂದು ಅಂದಾಜು. ಮರಾಠಿಯ ಒಂದು ಐತಿಹ್ಯದಲ್ಲಿ ಈ ಕ್ರಮಕ್ಕೆ ಸೊಗಸಾದ ಕಾರಣ ಹೇಳಿದೆ. ಅರಸನ ಬೇನೆ ವಾಸಿಯಾದರೆ ಶಿವಾಲಯವನ್ನು ಮಾಡಿಸುವೆನೆಂದು ಹರಸಿಕೊಂಡ ರಾಣಿ, ಅದರ ಶಿಖರವನ್ನು ಕಾಣುವವರೆಗೂ ಉಪವಾಸವಿರುವೆನೆಂದಳಂತೆ. ಕೋಕಸನೆಂಬ ಶಿಲ್ಪಿ ಮೇಲಿನಿಂದ ಕೆಲಸವನ್ನಾರಂಭಿಸಿ, ಒಂದೇ ವಾರದಲ್ಲಿ ಶಿಖರವನ್ನು ತೋರಿಸಿ, ಅವಳ ಪ್ರಾಣವನ್ನು ಉಳಿಸಿದನಂತೆ. ಇದು ಕಥೆ. ಆದರೆ ಕಥೆ ಕಟ್ಟಿದವನು ಕೆಲಸದ ರೀತಿಯನ್ನು ಸರಿಯಾಗಿಯೇ ಗಮನಿಸಿದ್ದ. ಕಟ್ಟುವ ಗುಡಿಯಲ್ಲಿ ಕಳಸ ಕೊನೆಯದು. ಕಡಿಯುವ ಗುಡಿಯಲ್ಲಿ ಕಳಸವೇ ಮೊದಲು.

ಇದರಿಂದ ಎರಡು ಲಾಭಗಳಿದ್ದುವು. ಏರಿ ನಿಂತು ಕೆಲಸ ಮಾಡಲು ಅಟ್ಟಣೆ ಬೇಕಿರಲಿಲ್ಲ. ಉಳಿದಿರುವ ಬಂಡೆಯೇ ಅಟ್ಟಣೆ. ಮೇಲಿಂದ ಕಲ್ಲೇರಿಸುವ ಶ್ರಮವೂ ಇಲ್ಲ. ಆದರೆ ಗಂಡಾಂತರ ದೊಡ್ಡದು. ಕಟ್ಟುವವನು ತಪ್ಪಿದರೆ ಕಲ್ಲನ್ನು ಬದಲಾಯಿಸಬಲ್ಲ. ಕಡಿಯುವವನು ಒಮ್ಮೆ ಕಡಿದುದನ್ನು ಮತ್ತೆ ಅಂಟಿಸಲಾರ. ಮಳೆಯಲ್ಲಿ ನಿಂತ ನಮಗೆ ಮೂರನೆಯದೊಂದು ಸಂಗತಿಯೂ ತೋರಿತು. ಮೂರು ಕಡೆ ಬಂಡೆಯ ಗೋಡೆಯಿಂದ ಸುತ್ತುವರಿದ ಈ ತಗ್ಗಿನಲ್ಲಿ ಬಿದ್ದ ನೀರಿಗೆ ಹೊರದಾರಿ ಪಶ್ಚಿಮವೊಂದೇ. ಕೆಲಸ ನಡೆದ ಅಷ್ಟೂ ವರ್ಷ, ಪ್ರತಿ ಮಳೆಗಾಲದಲ್ಲಿಯೂ, ಕಂದಕ ಕೆರೆಯಾಗದಂತೆ ನೋಡಿಕೊಳ್ಳುವುದೂ ಸೂತ್ರಧಾರಿಯ ಹೊಣೆಯಾಗಿದ್ದಿರಬೇಕು. ಚಕ್ಕೆ ಕಲ್ಲನ್ನು ಸಾಗಿಸಿದ ದಾರಿಯಲ್ಲೇ ನೀರೂ ಸಾಗಿಹೋಗಿರಬೇಕೆಂದು ಊಹಿಸಬಹುದು.

ಗುಡಿ ತಗ್ಗಿನಲ್ಲಿದೆ ಎಂಬುದೇ ಇನ್ನೊಂದು ವಿಶೇಷಕ್ಕೆ ಕಾರಣ. ನೆಲದ ಮಟ್ಟದಿಂದಲೇ ಗರ್ಭಗೃಹವನ್ನು ಆರಂಭಿಸಿದ್ದರೆ ಸುತ್ತಲ ಬಂಡೆಗಳ ನೆರಳಿನಲ್ಲಿ ಅದು ಮುಳುಗಿಹೋಗುತ್ತಿತ್ತು. ಆದುದರಿಂದ ಸುಮಾರು ಇಪ್ಪತ್ತೈದು ಅಡಿ ಎತ್ತರದ ಗಟ್ಟಿ ಪೀಠವನ್ನು ಬಿಟ್ಟು, ಅದರ ಮೇಲೆ ಮಂಟಪವನ್ನೂ ವಿಮಾನವನ್ನೂ ಎತ್ತಿದ್ದಾರೆ. ಆ ಪೀಠವನ್ನು ಹೊತ್ತಂತೆ ಆನೆಗಳ ಸಾಲು. ಮಳೆನೀರು ಅಂಗಳದಲ್ಲಿ ತೆಳ್ಳಗೆ ಹರಡಿದಾಗ ಆ ಆನೆಗಳು ಕಾಲು ನೆನೆಸಿಕೊಂಡು ಹೊಳೆ ದಾಟುತ್ತಿರುವಂತೆ ಕಂಡವು.

ನೀರು ತೋರಿಸಿದ ಕೈಲಾಸ

ಒಣಗಿದ ಬಸಾಲ್ಟ್ ಶಿಲೆ ಬೂದುಗಂದು ಬಣ್ಣದ್ದು. ನೆನೆದಾಗ ಅದು ಕಪ್ಪಾಗುತ್ತದೆ. ಅಲ್ಲಲ್ಲಿ ಉಳಿದಿರುವ ಬಿಳಿಯ ಗಾರೆಯ ತುಣುಕುಗಳು ಆಗ ಎದ್ದು ಕಾಣುತ್ತವೆ. ಈ ಗುಡಿಗೆ ಜನ ಒಂದು ಕಾಲದಲ್ಲಿ ರಂಗಮಹಲ್ ಎನ್ನುತ್ತಿದ್ದರು. ಮೈಯೆಲ್ಲ ಗಾರೆ ಬಳಿದು ಬಣ್ಣ ತುಂಬಿದ್ದುದೇ ಆ ಹೆಸರಿಗೆ ಕಾರಣ. ಮಂಟಪದ ಚಾವಣಿಯಲ್ಲಿ ವರ್ಣಚಿತ್ರಗಳ ಅವಶೇಷ ಇಂದಿಗೂ ಇದೆ. ಇಂದು ನಾವು ಮೆಚ್ಚುವ ಈ ಕರಿಯ ಶಿಲೆಯನ್ನು ಮಾಡಿಸಿದವರು ಹಾಗೆಯೇ ತೋರಬೇಕೆಂದು ಬಯಸಿರಲಿಲ್ಲ. ಹಿಮಾಲಯದ ಕೈಲಾಸವು ಹಿಮದಿಂದ ಬೆಳ್ಳಗಿರುವಂತೆ ಇದೂ ಬೆಳ್ಳಗೆ ಹೊಳೆಯುತ್ತಿದ್ದಿರಬೇಕು.

ಬಾಗಿಲ ಮಂಟಪವನ್ನು ದಾಟಿದೊಡನೆ ಎದುರಾಗುವ ಮೂರ್ತಿ ಗಜಲಕ್ಷ್ಮಿಯದು. ತಾವರೆಗೊಳದ ನಡುವೆ ಕುಳಿತ ದೇವಿಗೆ ಆನೆಗಳು ಕೊಡಗಳಿಂದ ನೀರೆರೆಯುತ್ತಿವೆ. ಅಂದು ಆಕಾಶವೂ ಆ ಅಭಿಷೇಕದಲ್ಲಿ ಕೈಗೂಡಿಸಿತ್ತು. ಅಂಗಳದ ಉತ್ತರ ಪಾರ್ಶ್ವದಲ್ಲಿ ನದೀದೇವತೆಗಳ ಗುಡಿಯಿದೆ. ಗಂಗೆ, ಯಮುನೆ, ಸರಸ್ವತಿಯರು ಅಲ್ಲಿ ನಿಂತಿದ್ದಾರೆ. ಕೈಲಾಸವನ್ನು ಮಾಡಿದ ಮೇಲೆ ಅಲ್ಲಿಗೆ ನದಿಗಳನ್ನೂ ತರಬೇಕಲ್ಲವೆ? ದಕ್ಷಿಣ ಪಾರ್ಶ್ವದಲ್ಲಿ ರಾವಣನು ಪರ್ವತವನ್ನು ಅಲುಗಿಸುವ ಪ್ರಸಿದ್ಧ ಶಿಲ್ಪ. ಮಂಟಪದ ಹೊರಗೋಡೆಯ ಮೇಲೆ ಒಂದು ಕಡೆ ರಾಮಾಯಣದ, ಇನ್ನೊಂದು ಕಡೆ ಮಹಾಭಾರತದ ಕಥಾಪಟ್ಟಿಗಳು. ಮೋಡದ ಮಂದಬೆಳಕಿನಲ್ಲಿ ಬಿಸಿಲಿನ ಕಡುನೆರಳುಗಳಿಲ್ಲದೆ ಆ ಚಿಕ್ಕ ಚಿಕ್ಕ ರೂಪಗಳು ಒಂದೊಂದೂ ಬಿಡಿಯಾಗಿ ಕಂಡವು.

ಆದರೆ ಮಳೆ ನಮಗೆ ಕಲಿಸಿದ ಮುಖ್ಯ ಪಾಠ ಕಪೋತದ್ದು. ಕಪೋತವೆಂದರೆ ಗೋಡೆಯ ಮೇಲಂಚಿನಲ್ಲಿ ಹೊರಕ್ಕೆ ಬಾಗಿದ ಸೂರು. ಹುಲ್ಲುಮನೆಯ ಸೂರಿನಿಂದ ಹುಟ್ಟಿ, ಮರದ ಗುಡಿಗೆ ಬಂದು, ಕಲ್ಲಿಗೆ ಇಳಿದ ಅಂಗವದು. ೧೦ನೆಯ ಗುಹೆಯಾದ ವಿಶ್ವಕರ್ಮ ಚೈತ್ಯದ ಒಳಗೆ ಕಮಾನಿನ ಚಾವಣಿಯ ತುಂಬ ಕಲ್ಲಿನ ಜಂತೆಗಳಿವೆ. ಅವು ಏನನ್ನೂ ಹೊತ್ತಿಲ್ಲ. ಮರದ ಜಂತೆಗಳ ನೆನಪನ್ನಷ್ಟೇ ಹೊತ್ತಿವೆ. ಗುಹೆಯ ಒಳಗಿನ ಸೂರೂ ಅಂಥದೇ. ಅಲ್ಲಿ ಮಳೆ ಎಲ್ಲಿಂದ ಬರಬೇಕು? ಕೈಲಾಸದ ವಿಮಾನವು ಬಯಲಿಗೆ ಬಂದ ಬಂಡೆಯಾದುದರಿಂದ ಅಲ್ಲಿ ಸೂರು ಮತ್ತೆ ಕೆಲಸಕ್ಕೆ ಹತ್ತಿದೆ. ಅಂತಸ್ತಿನಿಂದ ಅಂತಸ್ತಿಗೆ ಇಳಿದ ನೀರು ಕಪೋತದ ಬಾಗಿದ ತುದಿಗೆ ಬಂದು, ಗೋಡೆಯ ಶಿಲ್ಪಗಳನ್ನು ಬಿಟ್ಟು, ದೂರಕ್ಕೆ ತೊಟ್ಟಿಕ್ಕುವುದನ್ನು ನಾವು ಕಣ್ಣಾರೆ ಕಂಡೆವು. ಅಲಂಕಾರವೆಂದು ನಾವು ಪುಸ್ತಕದಲ್ಲಿ ಓದಿದ್ದು ಮೂಲದಲ್ಲಿ ಉಪಯೋಗವೆಂಬುದನ್ನು ಒಂದು ಗಂಟೆಯ ಮಳೆ ತಿಳಿಸಿಕೊಟ್ಟಿತು.

ಇದು ಯಾರದು?

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಎಲ್ಲಿ ಬರೆದಿದೆ? ೧೫ನೆಯ ಗುಹೆಯಾದ ದಶಾವತಾರದ ಅಂಗಳದಲ್ಲಿ ಒಂದು ಮಂಟಪವಿದೆ. ಅದರ ಗೋಡೆಯ ಮೇಲೆ ರಾಷ್ಟ್ರಕೂಟ ದಂತಿದುರ್ಗನ ಶಾಸನವಿದೆ. ಅದು ಅಪೂರ್ಣ, ಭಾಷೆ ಸಂಸ್ಕೃತ. ಕೈಲಾಸವನ್ನು ಕುರಿತ ಮುಖ್ಯ ಆಧಾರ ಎಲ್ಲೋರದಲ್ಲಿಯೇ ಇಲ್ಲ. ಗುಜರಾತಿನಲ್ಲಿ ಆಳುತ್ತಿದ್ದ ರಾಷ್ಟ್ರಕೂಟ ಶಾಖೆಯ ಕರ್ಕ ಸುವರ್ಣವರ್ಷನು ಶಕ ೭೩೪ರಲ್ಲಿ, ಎಂದರೆ ಕ್ರಿ.ಶ. ೮೧೨-೧೩ರಲ್ಲಿ, ಹೊರಡಿಸಿದ ಬರೋಡದ ತಾಮ್ರಪಟದಲ್ಲಿ ಅದು ದೊರೆಯುತ್ತದೆ. ಏಲಾಪುರದ ಬೆಟ್ಟದಲ್ಲಿ ಕೃಷ್ಣರಾಜನು ಮಾಡಿಸಿದ ಶಿವಾಲಯವನ್ನು ಕಂಡು ವಿಮಾನಗಳಲ್ಲಿ ಸಂಚರಿಸುವ ದೇವತೆಗಳೂ ಬೆರಗಾದರೆಂದೂ, ಮಾಡಿದ ಶಿಲ್ಪಿಗೇ ಇದನ್ನು ತಾನು ಹೇಗೆ ಮಾಡಿದೆನೆಂದು ವಿಸ್ಮಯವಾಯಿತೆಂದೂ ಅದು ವರ್ಣಿಸುತ್ತದೆ. ಅದರ ಭಾಷೆಯೂ ಸಂಸ್ಕೃತವೇ. ಆ ಶಿವಾಲಯವೇ ಕೈಲಾಸವೆಂದು ಆರ್. ಜಿ. ಭಾಂಡಾರಕರರು ೧೮೮೩ರಲ್ಲಿ ಪ್ರತಿಪಾದಿಸಿದರು. ಕೃಷ್ಣರಾಜನೆಂದರೆ ಸುಮಾರು ೭೫೬ರಿಂದ ೭೭೩ರವರೆಗೆ ಆಳಿದ ಒಂದನೆಯ ಕೃಷ್ಣ. ಎಲ್ಲವೂ ಅವನೊಬ್ಬನ ಕಾಲದ್ದೇ ಎಂಬುದರಲ್ಲಿ ಒಮ್ಮತವಿಲ್ಲ. ಹರ್ಮನ್ ಗೋಯೆಟ್ಸ್ ೧೯೫೨ರಲ್ಲಿ ಇದು ಹಲವು ಅರಸರ ಕಾಲದ ಹಂತಗಳಲ್ಲಿ ಆದುದೆಂದು ವಾದಿಸಿದರು. ಎಂ. ಕೆ. ಢವಳೀಕರರು ೧೯೮೨ರಲ್ಲಿ, ಮುಖ್ಯ ದೇವಾಲಯವೂ ಪರಿವಾರದ ಬಹುಭಾಗವೂ ಕೃಷ್ಣನದೇ, ಕೆಲವು ಅಂಗಗಳು ಮಾತ್ರ ಅನಂತರದವು ಎಂದು ಉತ್ತರಿಸಿದರು.

ಆದುದರಿಂದ ಬಸ್ಸಿನಲ್ಲಿ ನಾವು ಹೆಮ್ಮೆಯಿಂದ ಆಡಿದ ಕೆಲವು ಮಾತುಗಳನ್ನು ತಿದ್ದಿಕೊಳ್ಳಬೇಕು. ಮಳಖೇಡದ ಅರಸರು ಇದನ್ನು ಮಾಡಿಸಿದರೆಂದು ನಮ್ಮಲ್ಲಿ ಒಬ್ಬರು ಅಂದಿದ್ದರು. ಮಾನ್ಯಖೇಟವು ರಾಜಧಾನಿಯಾಗಿ ಬೆಳಗಿದುದು ಅಮೋಘವರ್ಷ ನೃಪತುಂಗನ ಕಾಲದಲ್ಲಿ. ಅವನು ಪಟ್ಟಕ್ಕೆ ಬಂದುದು ೮೧೪ರಲ್ಲಿ, ಕೃಷ್ಣನ ತರುವಾಯ ನಾಲ್ವತ್ತು ವರ್ಷಗಳಾದ ಮೇಲೆ. ಕವಿರಾಜಮಾರ್ಗವು ಹೇಳುವ ಕನ್ನಡನಾಡಿನಲ್ಲಿಯೇ ಎಲ್ಲೋರವಿದೆಯೆಂದು ಇನ್ನೊಬ್ಬರು ಅಂದರು. ಆ ಗ್ರಂಥ ನಾಡಿನ ಉತ್ತರದ ಮೇರೆಯನ್ನು ಗೋದಾವರಿಯವರೆಗೆ ಹೇಳುತ್ತದೆ; ಎಲ್ಲೋರವಿರುವುದು ಗೋದಾವರಿಯ ಉತ್ತರಕ್ಕೆ. ಮೊನ್ನೆ ನಾವು ಕಂಡ ಏಲಗಂಗೆಯ ನೀರು ಶಿವನಾ ನದಿಯನ್ನು ಸೇರಿ ಗೋದಾವರಿಗೆ ಹೋಗುತ್ತದೆ. ಹೊಳೆ ಆ ಮೇರೆಯನ್ನು ಮುಟ್ಟುತ್ತದೆ, ಬೆಟ್ಟ ಮುಟ್ಟುವುದಿಲ್ಲ.

ಹಾಗಾದರೆ ನಮ್ಮದೆನ್ನಲು ಏನೂ ಇಲ್ಲವೆ? ಇದೆ, ಅದು ಅಕ್ಷರದಲ್ಲಿಲ್ಲ, ಆಕಾರದಲ್ಲಿದೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಬಾದಾಮಿಯ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಸುಮಾರು ೭೪೦ರ ಹೊತ್ತಿಗೆ ಮಾಡಿಸಿದಳು. ಅದರ ಸೂತ್ರಧಾರಿ ಗುಂಡನೆಂಬವನು. ಅವನ ಬಿರುದುಗಳನ್ನು ಅಲ್ಲಿಯ ಕನ್ನಡ ಶಾಸನವೇ ಸಾರುತ್ತದೆ. ಪ್ರಾಕಾರ, ಬಾಗಿಲ ಮಂಟಪ, ಪ್ರತ್ಯೇಕವಾದ ನಂದಿಮಂಟಪ, ಮೂರು ಮುಖಮಂಟಪಗಳುಳ್ಳ ಸಭಾಮಂಟಪ, ಅಂತಸ್ತುಗಳಾಗಿ ಏರುವ ದ್ರಾವಿಡ ವಿಮಾನ, ಈ ಜೋಡಣೆಯನ್ನು ಪಟ್ಟದಕಲ್ಲಿನಲ್ಲಿ ಕಂಡವರಿಗೆ ಕೈಲಾಸವು ಅದರ ಹಿಗ್ಗಿದ ರೂಪವೆಂದು ಹೇಳಬೇಕಾದುದಿಲ್ಲ. ವಿರೂಪಾಕ್ಷ ಪೂರ್ವಾಭಿಮುಖ, ಕೈಲಾಸ ಗುಡ್ಡದ ಇಳಿಜಾರಿಗೆ ಮಣಿದು ಪಶ್ಚಿಮಾಭಿಮುಖ. ಸುಮಾರು ೭೫೩ರಲ್ಲಿ ದಂತಿದುರ್ಗನು ಚಾಲುಕ್ಯರನ್ನು ಸೋಲಿಸಿದನು. ಅರಸುತನದೊಡನೆ ಅವರ ಶಿಲ್ಪಿಗಳ ವಿದ್ಯೆಯೂ ರಾಷ್ಟ್ರಕೂಟರಿಗೆ ಬಂದಿತೆಂಬುದು ಈ ಹೋಲಿಕೆಯಿಂದ ತರ್ಕಿಸಬಹುದಾದ ಮಾತು.

ಆದರೆ ಸರಪಣಿಯ ಕೊಂಡಿ ಅಲ್ಲಿಗೇ ನಿಲ್ಲುವುದಿಲ್ಲ. ವಿರೂಪಾಕ್ಷಕ್ಕೆ ಪ್ರೇರಣೆ ಕಂಚಿಯ ಕೈಲಾಸನಾಥ. ಅದು ಎಂಟನೆಯ ಶತಮಾನದ ಆರಂಭದಲ್ಲಿ ಪಲ್ಲವ ರಾಜಸಿಂಹನು ಕಟ್ಟಿಸಿದ್ದು. ಕಂಚಿಯನ್ನು ಗೆದ್ದ ವಿಕ್ರಮಾದಿತ್ಯನು ಆ ದೇವಾಲಯದ ಸೊತ್ತನ್ನು ದೋಚದೆ ದೇವರಿಗೇ ಹಿಂದಿರುಗಿಸಿ, ಆ ಸಂಗತಿಯನ್ನು ಅಲ್ಲಿಯ ಕಂಬದ ಮೇಲೆ ಕನ್ನಡದಲ್ಲಿ ಕೆತ್ತಿಸಿದನು. ಚೆನ್ನೈಯ ಕನ್ನಡಿಗರು ಇಂದಿಗೂ ಹೋಗಿ ಅದನ್ನು ನೋಡಬಹುದು. ಎಂತಹ ವಿಚಿತ್ರವಾದ ಲೇವಾದೇವಿ! ತಮಿಳರ ಗುಡಿಯಲ್ಲಿ ಕನ್ನಡದ ಅಕ್ಷರ ಉಳಿಯಿತು. ತ‌ಮಿಳರ ಗುಡಿಯ ರೂಪ ಕನ್ನಡನಾಡಿಗೆ ಬಂದು, ಮಲಪ್ರಭೆಯ ದಂಡೆಯಲ್ಲಿ ಹೊಸತಾಗಿ ಅರಳಿ, ಅಲ್ಲಿಂದ ಗೋದಾವರಿಯಾಚೆಗೆ, ಇಂದಿನ ಮಹಾರಾಷ್ಟ್ರದ ಬೆಟ್ಟಕ್ಕೆ, ಸಾಗಿತು. ಇದನ್ನು ಅರಿತ ಮೇಲೆ 'ನಮ್ಮದು' ಎಂಬ ಮಾತಿನ ಅರ್ಥ ಬೇರೆಯಾಗುತ್ತದೆ. ಅದು ಒಬ್ಬರೇ ಹಿಡಿದುಕೊಳ್ಳುವ ಸೊತ್ತಲ್ಲ. ನಮ್ಮ ಕೈಯನ್ನೂ ಹಾಯ್ದು ಹೋದ ವಿದ್ಯೆ. ಊರು ಬಿಟ್ಟು ಊರಿಗೆ ಬಂದು ಕೈಗೆಲಸದಿಂದ ಬಾಳಿದ ಆ ಶಿಲ್ಪಿಗಳು ನಮ್ಮಂಥ ವಲಸೆಗಾರರಿಗೆ ಅರಸರಿಗಿಂತಲೂ ಹತ್ತಿರದ ನಂಟರು.

ನೀರಿನ ಹಗೆತನ

ಇಷ್ಟು ಹೊತ್ತು ನೀರನ್ನು ಗುರುವೆಂದೆವು. ಅದು ಹಗೆಯೂ ಹೌದು. ದಖ್ಖನಿನ ಈ ಬಂಡೆ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾ. ಪದರದೊಳಗೆ ನೆಟ್ಟಗಿನ ಬಿರುಕುಗಳು, ಪದರ ಪದರಗಳ ನಡುವೆ ಅಡ್ಡಲಾದ ಸಂದುಗಳು. ಗುಡ್ಡದ ನೆತ್ತಿಯ ಮೇಲೆ ಬಿದ್ದ ಮಳೆ ಬಿರುಕಿನಲ್ಲಿ ಇಳಿದು, ಸಂದಿನ ಗುಂಟ ಸರಿದು, ಎಲ್ಲಿ ಮನುಷ್ಯನು ಬಂಡೆಯನ್ನು ಟೊಳ್ಳುಮಾಡಿದ್ದಾನೆಯೋ ಅಲ್ಲಿ ಚಾವಣಿಯಿಂದ ಒಸರುತ್ತದೆ. ಕೆಲವು ಪದರಗಳಲ್ಲಿರುವ ಜೇಡಿಯ ಖನಿಜಗಳು ನೀರುಂಡು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಹೀಗೆ ವರ್ಷ ವರ್ಷವೂ ನಡೆದು ಶಿಲೆಯ ಮೈ ಚಕ್ಕೆಯೇಳುತ್ತದೆ. ನೀರಿನಲ್ಲಿ ಕರಗಿ ಬಂದ ಲವಣಗಳು ಹೊರಮೈಯಲ್ಲಿ ಹರಳುಗಟ್ಟಿ ಗಾರೆಯನ್ನೂ ಬಣ್ಣವನ್ನೂ ಎಬ್ಬಿಸಿಹಾಕುತ್ತವೆ. ಕಟ್ಟಿದ ಗುಡಿಯಲ್ಲಿ ಸೋರುವ ಕಲ್ಲನ್ನು ಕೀಳಿ ಬೇರೆ ಕಲ್ಲು ಕೂರಿಸಬಹುದು. ಹತ್ತಿರದಲ್ಲಿಯೇ ಇರುವ ಘೃಷ್ಣೇಶ್ವರದ ದೇವಾಲಯವನ್ನು ಹದಿನೆಂಟನೆಯ ಶತಮಾನದಲ್ಲಿ ಅಹಲ್ಯಾಬಾಯಿ ಹೋಳ್ಕರಳು ಮತ್ತೆ ಕಟ್ಟಿಸಿದಳು. ಬೆಟ್ಟವನ್ನು ಹೀಗೆ ಮತ್ತೆ ಕಟ್ಟಿಸಬಲ್ಲವರಿಲ್ಲ.

ಹಿಂದಿನವರು ಇದನ್ನು ಅರಿಯದವರಲ್ಲ. ೧೨ನೆಯ ಗುಹೆಯ ಮಣ್ಣಿನ ಗಾರೆಯನ್ನು ಪರೀಕ್ಷಿಸಿದ ತಜ್ಞರು ಅದರಲ್ಲಿ ಭಂಗಿಗಿಡದ ನಾರು ಮತ್ತು ಎಲೆಗಳನ್ನು ಬೆರೆಸಿದೆಯೆಂದು ೨೦೧೬ರಲ್ಲಿ ಪ್ರಕಟಿಸಿದರು. ಅಜಂತೆಯಲ್ಲಿ ಇದಿಲ್ಲ. ಆ ಬೆರಕೆ ಗಾಳಿಯ ತೇವವನ್ನು ಹೀರಿಕೊಂಡು ಹದದಲ್ಲಿಡುತ್ತದೆಂದೂ ಕೀಟಗಳನ್ನು ದೂರವಿಡುತ್ತದೆಂದೂ ಅವರ ಅಭಿಪ್ರಾಯ. ಗುಡ್ಡದ ಮೇಲಿನ ನೀರನ್ನು ಕಾಲುವೆಗಳಿಂದ ಪಕ್ಕಕ್ಕೆ ತಿರುಗಿಸುವುದು, ಬಿರುಕುಗಳನ್ನು ತುಂಬುವುದು, ಬಂಡೆ ಸಡಿಲಿಸುವ ಮರದ ಬೇರುಗಳನ್ನು ತೆಗೆಯುವುದು ಇಂಥ ಸ್ಮಾರಕಗಳ ರಕ್ಷಣೆಯ ಎಂದಿಗೂ ಮುಗಿಯದ ಕೆಲಸಗಳು. ೧೯೧೪ರಲ್ಲಿ ಗುಲಾಂ ಯಜ್ದಾನಿಯವರ ನೇತೃತ್ವದಲ್ಲಿ ಆರಂಭವಾದ ಹೈದರಾಬಾದು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಆರೈಕೆಯಲ್ಲಿ ಎಲ್ಲೋರವಿತ್ತು. ಇಂದು ಅದು ಭಾರತದ ಪುರಾತತ್ತ್ವ ಸರ್ವೇಕ್ಷಣದ ಹೊಣೆ. ೧೯೫೬ರ ನವೆಂಬರ್ ೧ರವರೆಗೆ ಮಳಖೇಡವೂ ಎಲ್ಲೋರವೂ ಒಂದೇ ಹೈದರಾಬಾದು ರಾಜ್ಯದಲ್ಲಿದ್ದುವು. ಅಂದು ಒಂದು ಮೈಸೂರು ರಾಜ್ಯಕ್ಕೂ ಇನ್ನೊಂದು ಮುಂಬಯಿ ರಾಜ್ಯಕ್ಕೂ ಸೇರಿದುವು. ೧೯೬೦ರಲ್ಲಿ ಎಲ್ಲೋರ ಮಹಾರಾಷ್ಟ್ರದ್ದಾಯಿತು. ಭೂಪಟದ ಗೆರೆಗಳು ಹೀಗೆ ಸರಿಯುತ್ತವೆ. ಬಿರುಕಿನ ನೀರಿಗೆ ಅವುಗಳ ಪರಿವೆಯಿಲ್ಲ.

ಗುಂಪಾಗಿ ಹೋಗುವವರಿಗೆ

ಸಂಘಗಳ ವತಿಯಿಂದ ಇಂಥ ಪ್ರವಾಸ ಏರ್ಪಡಿಸುವವರಿಗೆ ಅನುಭವದ ಕೆಲವು ಮಾತುಗಳನ್ನು ಅರಿಕೆಮಾಡಿಕೊಳ್ಳುತ್ತೇನೆ. ಎಲ್ಲೋರಕ್ಕೆ ಮಂಗಳವಾರ ರಜೆ, ಅಜಂತೆಗೆ ಸೋಮವಾರ. ಮೂವತ್ತನಾಲ್ಕನ್ನೂ ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ. ೧೦, ೧೨, ೧೫, ೧೬, ೨೧, ೨೯, ೩೨, ಈ ಏಳನ್ನು ನಿಧಾನವಾಗಿ ಕಂಡರೆ ಸಾಕು. ಕೈದೀಪ ಅವಶ್ಯ. ಕೈಲಾಸದ ಮೇಲುಗಡೆಯ ಗುಡ್ಡದ ಹಾದಿ ಮಳೆಯಲ್ಲಿ ಜಾರುತ್ತದೆ. ಮಕ್ಕಳನ್ನೂ ವೃದ್ಧರನ್ನೂ ಅಲ್ಲಿಗೆ ಕರೆದೊಯ್ಯಕೂಡದು. ಒದ್ದೆ ಕೊಡೆಗಳನ್ನು ಮಡಿಸಿ ಗುಹೆಯ ಹೊರಗೆ ಇಡಬೇಕು. ಅವುಗಳ ಮೊನೆ ತಾಗುವುದು ಶಿಲ್ಪಗಳ ಮೂಗಿಗೆ. ಚಿತ್ರಗಳಿರುವ ಕಡೆ ಗುಂಪು ಹೆಚ್ಚು ಹೊತ್ತು ನಿಲ್ಲಬಾರದು. ಒದ್ದೆ ಬಟ್ಟೆಯ ನಾಲ್ವತ್ತು ಜನರ ಉಸಿರೂ ತೇವವೇ. ಗೋಡೆಗೆ ಕೈಯೂರುವುದು, ಒರಗಿ ನಿಲ್ಲುವುದು ಎಷ್ಟು ಸಹಜವೋ ಅಷ್ಟೇ ಹಾನಿಕರ.

ಎಲ್ಲಕ್ಕಿಂತ ಮುಖ್ಯವಾಗಿ, ಹೊರಡುವ ಮೊದಲು ಒಂದು ಸಂಜೆ ಕುಳಿತು ವಿರೂಪಾಕ್ಷ ಮತ್ತು ಕೈಲಾಸಗಳ ನಕ್ಷೆಗಳನ್ನು ಪಕ್ಕ ಪಕ್ಕದಲ್ಲಿ ಇಟ್ಟು ನೋಡಬೇಕು. ಹೊರನಾಡಿನಲ್ಲಿ ಹುಟ್ಟಿದ ನಮ್ಮ ಮಕ್ಕಳು ಹೆಮ್ಮೆಯ ಮಾತುಗಳನ್ನು ಬೇಕಾದಷ್ಟು ಕೇಳಿದ್ದಾರೆ; ಅವರು ಕೇಳುತ್ತಿರುವುದು ಆಧಾರವನ್ನು. ಅದನ್ನು ಕೊಡಲಾರದೆ ಹೋದರೆ ಅವರು ನಮ್ಮ ಮಾತಿನೊಡನೆ ನಮ್ಮ ಭಾಷೆಯನ್ನೂ ಮುದುಕರ ಗೀಳೆಂದು ಬದಿಗಿಟ್ಟಾರು.

ಮರಳುವಾಗ ಮಳೆ ನಿಂತಿತ್ತು. ಬಸ್ಸು ಹೊರಡುವ ಮುನ್ನ ಆ ಹುಡುಗಿಗೆ ನನ್ನ ಉತ್ತರವನ್ನು ಒಪ್ಪಿಸಿದೆ: ಬರೆದಿರುವುದು ಕಂಚಿಯಲ್ಲಿ, ಪಟ್ಟದಕಲ್ಲಿನಲ್ಲಿ, ಬರೋಡದ ತಾಮ್ರಪಟದಲ್ಲಿ, ಇಲ್ಲಿರುವುದು ಕಡಿದ ಗುರುತು. "ಹಾಗಾದರೆ ಪಟ್ಟದಕಲ್ಲನ್ನೂ ನೋಡದೆ ಇದು ಅರ್ಥವಾಗೋದಿಲ್ಲ ಅನ್ನಿ" ಎಂದಳು. ಸಂಘದ ಮುಂದಿನ ಪ್ರವಾಸ ಎಲ್ಲಿಗೆಂಬುದು ಅಲ್ಲಿಯೇ ನಿಶ್ಚಯವಾಯಿತು. ಈ ಸಲ ತಿಂಗಳನ್ನು ಗೊತ್ತುಮಾಡುವಾಗ ಮಳೆಗಾಲ ಬೇಡವೆಂದು ಯಾರೂ ಹೇಳಲಿಲ್ಲ.